ಮಳೆ ಸರಾಸರಿಯಷ್ಟೇ ಆಗಿದೆ ಅಂತಾರೆ, ಆದರೂ ಧಾನ್ಯದ ಬೆಲೆ ಇಷ್ಟು ಏರುವುದು ಯಾಕೆ?

ಅಡುಗೆಮನೆ ಲೆಕ್ಕ

ಎಲ್ಲರಿಗೂ ನಮಸ್ಕಾರ. ತುಂಬಾ ದಿನದಿಂದ ತಲೆ ಕೊರೆಯುತ್ತಿರುವ ಪ್ರಶ್ನೆ ಇದು. ಗೊತ್ತಿರುವವರು ಸ್ವಲ್ಪ ಬಿಡಿಸಿ ಹೇಳಿ.

ನಾನು ಒಂದು ಹಾಸ್ಟೆಲ್‌ನ ಅಡುಗೆಮನೆಗೆ ಖರೀದಿ ನೋಡಿಕೊಳ್ಳುತ್ತೇನೆ. ಇನ್ನೂರು ಮಕ್ಕಳಿದ್ದಾರೆ. ವರ್ಷಕ್ಕೆ ಇಷ್ಟು ದುಡ್ಡು ಅಂತ ಮೊದಲೇ ನಿಗದಿಯಾಗಿರುತ್ತದೆ, ನಡುವೆ ಬೆಲೆ ಏರಿತು ಅಂತ ಯಾರೂ ಹೆಚ್ಚಿಗೆ ಕೊಡುವುದಿಲ್ಲ. ಧಾನ್ಯದ ಬೆಲೆ ಏರಿದ ವರ್ಷ ನಾನು ಧಾನ್ಯ ಕಮ್ಮಿ ಮಾಡುವುದಿಲ್ಲ, ಮಾಡೋಕೆ ಆಗುವುದೂ ಇಲ್ಲ, ಹೊಟ್ಟೆ ತುಂಬಬೇಕಲ್ಲ. ಮೊದಲು ಮೊಟ್ಟೆ ನಿಲ್ಲುತ್ತದೆ. ಆಮೇಲೆ ಹಣ್ಣು. ಆಮೇಲೆ ತರಕಾರಿ ಅರ್ಧಕ್ಕೆ ಇಳಿಯುತ್ತದೆ. ಮಕ್ಕಳು ಯಾಕೆ ಅಂತ ಕೇಳುವುದಿಲ್ಲ, ಅದೇ ನನಗೆ ಸಂಕಟ.

ಹಾಗಾಗಿ ಹವಾಮಾನದ ಸುದ್ದಿ ಬಂದರೆ ಕೆಲಸ ಬಿಟ್ಟು ಕೇಳುತ್ತೇನೆ. ಆದರೆ ಎರಡು ವಿಷಯ ಎಷ್ಟು ಸಲ ಯೋಚಿಸಿದರೂ ಹೊಂದುವುದಿಲ್ಲ. ಒಂದು, ಈ ಸಲ ಮಳೆ ಸರಾಸರಿಯಷ್ಟೇ ಆಗಿದೆ ಅಂತ ಹೇಳುತ್ತಾರೆ, ಆದರೆ ನಾಲ್ಕು ತಿಂಗಳು ಬಿಟ್ಟು ಬೆಳೆ ಕೈಕೊಟ್ಟಿದೆ ಅಂತಾರೆ. ಎರಡು, ಇಳುವರಿ ನೂರಕ್ಕೆ ಐದು ಕಮ್ಮಿ ಆಯಿತು ಅಂದರೆ ಬೆಲೆಯೂ ಐದು ಏರಬೇಕು, ಹೆಚ್ಚು ಅಂದರೆ ಹತ್ತು. ಮೂವತ್ತು, ನಲವತ್ತು ಏರುವುದು ಯಾವ ಲೆಕ್ಕ? ಉಳಿದದ್ದೆಲ್ಲ ಹವಾಮಾನವಾ, ಇಲ್ಲಾ ಬೇರೆಯವರ ಕೈವಾಡವಾ?

ಯಾರನ್ನೂ ದೂರುವ ಉದ್ದೇಶ ಇಲ್ಲ. ಯಾವಾಗ ಎಷ್ಟು ಚೀಲ ಕೊಂಡಿಡಬೇಕು ಅಂತ ಗೊತ್ತಾದರೆ ಸಾಕು.

ಹದಮಳೆ

ಅಕ್ಕಾ, ಮೊದಲನೇ ಪ್ರಶ್ನೆಗೆ ನಾನು ಹೇಳುತ್ತೇನೆ, ಇಪ್ಪತ್ತೆರಡು ವರ್ಷದಿಂದ ಬೆಳೆ ತೆಗೆಯುತ್ತಿದ್ದೇನೆ.

ಸರಾಸರಿ ಮಳೆ ಅನ್ನೋದು ಬೆಳೆಗೆ ಅರ್ಥವೇ ಇಲ್ಲದ ಮಾತು. ಬೆಳೆ ವರ್ಷದ ಕೊನೆಗೆ ಕೂತು ಮೊತ್ತ ಕೂಡಿಸಿ ನೋಡುವುದಿಲ್ಲ. ಬಿತ್ತಿದ ಮೇಲೆ ಇಪ್ಪತ್ತು ದಿನ ಹನಿ ಬೀಳದೆ, ಆಮೇಲೆ ನಾಲ್ಕೇ ದಿನದಲ್ಲಿ ತಿಂಗಳ ಮಳೆಯೆಲ್ಲ ಸುರಿದರೆ ಕಾಗದದ ಮೇಲೆ ಸರಾಸರಿ ಸರಿಯಾಗೇ ಬರುತ್ತದೆ. ಹೊಲದಲ್ಲಿ ಮಾತ್ರ ಮೊದಲು ಮೊಳಕೆ ಸತ್ತಿರುತ್ತದೆ, ಉಳಿದದ್ದು ಕೊಚ್ಚಿಹೋಗಿರುತ್ತದೆ.

ಅದಕ್ಕಿಂತ ಮುಖ್ಯ ಹೂವಾಡುವ ಕಾಲ. ಭತ್ತದ ಒಂದೊಂದು ಹೂವೂ ಅರಳಿರುವುದು ಬರೀ ಒಂದು ಗಂಟೆ, ಹೆಚ್ಚೂಕಮ್ಮಿ ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನದ ಒಳಗೆ. ಆ ಒಂದು ಗಂಟೆಯಲ್ಲಿ ಬಿಸಿಲು 35 ಡಿಗ್ರಿ ದಾಟಿತು ಅಂದರೆ ಪರಾಗ ಸರಿಯಾಗಿ ಉದುರುವುದಿಲ್ಲ, ಉದುರಿದರೂ ಕಟ್ಟಿಕೊಳ್ಳುವುದಿಲ್ಲ. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಗದ್ದೆ ಹಸಿರಾಗೇ ಇರುತ್ತದೆ, ತೆನೆಯೂ ಬಂದಿರುತ್ತದೆ. ನಾನು ಹಾಲುಗಾಳಿನ ಹೊತ್ತಿಗೆ ಗದ್ದೆಗಿಳಿದು ತೆನೆ ಕಿತ್ತು ಒಂದೊಂದೇ ಕಾಳನ್ನು ಉಗುರಲ್ಲಿ ಒತ್ತಿ ನೋಡುತ್ತೇನೆ. ಒಳ್ಳೆ ಕಾಳು ಅಂದರೆ ಬಿಳಿ ಹಾಲು ಚಿಮ್ಮುತ್ತದೆ. ಜೊಳ್ಳು ಅಂದರೆ ಸಿಪ್ಪೆ ಚಪ್ಪಟೆಯಾಗಿ ಬೆರಳಿಗೆ ಅಂಟುತ್ತದೆ, ಅಷ್ಟೇ. ಸರಿಯಾದ ವರ್ಷ ಹತ್ತು ಕಾಳಿಗೆ ಒಂದು ಜೊಳ್ಳು ಸಿಗುತ್ತದೆ. ಹೂವಿನ ವಾರದಲ್ಲಿ ಬಿಸಿಗಾಳಿ ಬೀಸಿದ ವರ್ಷ ನಾಲ್ಕು ಸಿಕ್ಕಿತ್ತು. ನಿಂತಲ್ಲೇ ಕೂತುಬಿಟ್ಟೆ. ಕಟಾವಿಗೆ ಇನ್ನೂ ಒಂದು ತಿಂಗಳಿತ್ತು, ಯಾವ ಪೇಪರಲ್ಲೂ ಸುದ್ದಿ ಇರಲಿಲ್ಲ, ಆದರೆ ಆ ವರ್ಷದ ನಷ್ಟ ಅವತ್ತೇ ಮುಗಿದಿತ್ತು.

ಮೆಕ್ಕೆಜೋಳದ್ದೂ ಇದೇ ಕಥೆ. ತೆನೆಯ ತುದಿಯಲ್ಲಿ ಕೂದಲು ಬರುತ್ತದಲ್ಲ, ಒಂದು ಕೂದಲಿಗೆ ಒಂದು ಕಾಳು. ನೀರಿಲ್ಲದೆ ಕೂದಲು ತಡವಾಗಿ ಹೊರಬಂದರೆ ಅಷ್ಟರಲ್ಲಿ ಮೇಲಿನ ಹೂವಿನ ಪರಾಗ ಉದುರಿ ಮುಗಿದಿರುತ್ತದೆ. ತೆನೆ ಸುಲಿದರೆ ಅಲ್ಲೊಂದು ಇಲ್ಲೊಂದು ಕಾಳು, ಮಿಕ್ಕಿದ್ದೆಲ್ಲ ಖಾಲಿ. 2012ರಲ್ಲಿ ಅಮೆರಿಕದಲ್ಲಿ ಆದದ್ದು ಇದೇ. ಎಕರೆಗೆ 166 ಬುಷೆಲ್ ಬರುತ್ತದೆ ಅಂತ ಬಿತ್ತನೆ ಹೊತ್ತಲ್ಲಿ ಅಂದಾಜು ಮಾಡಿದ್ದರು, ಬಂದದ್ದು 123ರ ಆಸುಪಾಸು. (ಮೆಕ್ಕೆಜೋಳದ ಲೆಕ್ಕದಲ್ಲಿ ಒಂದು ಬುಷೆಲ್ ಅಂದರೆ ಸುಮಾರು 25 ಕೆಜಿ.) ಜುಲೈನ ಬಿಸಿಲು ಕೂದಲು ಬರುವ ಹೊತ್ತಿಗೇ ಸರಿಯಾಗಿ ಬಂದಿತ್ತು.

ಗೋಧಿಗೆ ಕಾಳು ತುಂಬುವಾಗ ತಂಪು ಬೇಕು. 2022ರ ಮಾರ್ಚ್ ಭಾರತದಲ್ಲಿ 1901ರಿಂದ ಈಚೆಗೆ ದಾಖಲಾದ ಅತಿ ಬಿಸಿಯ ಮಾರ್ಚ್. ಗಿಡ ಬೇಗ ಹಣ್ಣಾಗಿಬಿಟ್ಟಿತು, ಕಾಳು ಸುಕ್ಕುಗಟ್ಟಿ ಸಣ್ಣಗೆ ಉಳಿಯಿತು. ಅಲ್ಲಿ ಕಾಳು ಕೆಡಿಸಿದ್ದು ಬಿಸಿಲು ನೋಡಿ.

ಬಿಸಿಲು ಮಾತ್ರ ಕೆಡಿಸುತ್ತದೆ ಅಂತಲ್ಲ, ಚಳಿಯೂ ಕೆಡಿಸುತ್ತದೆ. 1993ರಲ್ಲಿ ಜಪಾನಿನಲ್ಲಿ ಬೇಸಿಗೆಯೇ ಬರಲಿಲ್ಲ ಅನ್ನುವ ಹಾಗಿತ್ತು. ತೆನೆ ಹೊಡೆಯೊಳಗೆ (ಎಲೆಯ ಕವಚದೊಳಗೆ) ಇರುವಾಗಲೇ ಚಳಿ ತಾಗಿ ಪರಾಗ ಸತ್ತು, ಆ ವರ್ಷದ ಬೆಳೆಯಲ್ಲಿ ಸುಮಾರು ಕಾಲುಭಾಗ ಹೋಯಿತು. ಅಕ್ಕಿ ತರಿಸಿಕೊಳ್ಳುವುದೇ ಬೇಡ ಅಂತ ಹಟ ಹಿಡಿದಿದ್ದ ದೇಶ ಸುಮಾರು 25 ಲಕ್ಷ ಟನ್ ಹೊರಗಿನಿಂದ ತರಿಸಬೇಕಾಯಿತು.

ಕೊನೆಗೆ ಕಟಾವು. ಎಲ್ಲಾ ಚೆನ್ನಾಗಿ ಬಂದು, ಕಾಳು ಒಣಗಿ ನಿಂತಿರುವಾಗ ಒಂದು ವಾರ ಜಿಟಿಜಿಟಿ ಮಳೆ ಹಿಡಿದರೆ ಕಾಳು ತೆನೆಯಲ್ಲೇ ಮೊಳಕೆ ಒಡೆಯುತ್ತದೆ. 2023ರ ಮೇ ಕೊನೆಯಲ್ಲಿ ಚೀನಾದ ಹೆನಾನ್ ಪ್ರಾಂತ್ಯದಲ್ಲಿ ಗೋಧಿಗೆ ಹೀಗೇ ಆಯಿತು. ತೂಕದಲ್ಲಿ ನಷ್ಟ ಅಷ್ಟು ಕಾಣುವುದಿಲ್ಲ, ಆದರೆ ಆ ಹಿಟ್ಟು ನಾದಿದರೆ ಅಂಟಂಟು, ಮನುಷ್ಯರಿಗೆ ಆಗದೆ ದನಕ್ಕೆ ಹೋಗುತ್ತದೆ. ಮಳೆ ಒಳ್ಳೆಯದು, ಆದರೆ ಯಾವ ವಾರ ಬಂತು ಅನ್ನೋದೇ ಎಲ್ಲಾ.

ತಕ್ಕಡಿ

ಹದಮಳೆ ಅಣ್ಣ ಹೇಳಿದ್ದು ಹೊಲದ ಕಥೆ, ನಾನು ಬೆಲೆಯ ಕಥೆ ಹೇಳುತ್ತೇನೆ. ಹತ್ತು ವರ್ಷ ಧಾನ್ಯದ ಸಗಟು ವ್ಯಾಪಾರದಲ್ಲಿ ಲೆಕ್ಕ ಬರೆದವನು ನಾನು.

ಅಕ್ಕಾ, ನಿಮ್ಮ ಪ್ರಶ್ನೆಗೆ ಉತ್ತರ ನಿಮ್ಮ ಬರಹದಲ್ಲೇ ಇದೆ. ಬೆಲೆ ಏರಿದರೂ ಧಾನ್ಯ ಕಮ್ಮಿ ಮಾಡುವುದಿಲ್ಲ, ಮೊಟ್ಟೆ ನಿಲ್ಲಿಸುತ್ತೇನೆ ಅಂದಿರಿ. ಎಲ್ಲರೂ ಹಾಗೇ ಮಾಡುತ್ತಾರೆ. ಬಟ್ಟೆಯ ಬೆಲೆ ಏರಿದರೆ ಜನ ಈ ವರ್ಷ ಬೇಡ ಅನ್ನುತ್ತಾರೆ, ಅಲ್ಲಿಗೆ ಬೆಲೆ ನಿಲ್ಲುತ್ತದೆ. ಊಟದ ಧಾನ್ಯಕ್ಕೆ ಹಾಗೆ ಯಾರೂ ಹಿಂದೆ ಸರಿಯುವುದಿಲ್ಲ. ನೂರು ಮನೆಗೆ ತೊಂಬತ್ತೈದು ಚೀಲ ಇದ್ದರೆ, ಐದು ಮನೆಯವರು ಕೈಲಾಗದೆ ಹಿಂದೆ ಸರಿಯುವ ತನಕ ಬೆಲೆ ಏರುತ್ತಲೇ ಹೋಗುತ್ತದೆ. ಹಿಂದೆ ಸರಿಯುವ ಆ ಐದು ಮನೆ ಯಾವುದು ಅಂತ ಬಿಡಿಸಿ ಹೇಳಬೇಕಿಲ್ಲ.

ಇದನ್ನು ಮುನ್ನೂರು ವರ್ಷದ ಹಿಂದೆಯೇ ಲೆಕ್ಕ ಹಾಕಿದ್ದಾರೆ. ಇಂಗ್ಲೆಂಡಿನ ಗ್ರೆಗರಿ ಕಿಂಗ್ ಅನ್ನುವವರ ಹೆಸರಲ್ಲಿ ಇದೆ ಆ ಲೆಕ್ಕ, 1699ರಲ್ಲಿ ಚಾರ್ಲ್ಸ್ ಡಾವೆನಂಟ್ ಅಚ್ಚು ಹಾಕಿಸಿದರು. ಬೆಳೆ ಹತ್ತರಲ್ಲಿ ಒಂದು ಪಾಲು ಕಮ್ಮಿಯಾದರೆ ಬೆಲೆ ಹತ್ತರಲ್ಲಿ ಮೂರು ಪಾಲು ಏರುತ್ತದೆ. ಎರಡು ಪಾಲು ಕಮ್ಮಿಯಾದರೆ ಎಂಟು. ಮೂರು ಕಮ್ಮಿಯಾದರೆ ಹದಿನಾರು. ಬೆಳೆ ಅರ್ಧಕ್ಕೆ ಬಿದ್ದರೆ ಏರಿಕೆ ಹತ್ತಕ್ಕೆ ನಲವತ್ತೈದು, ಅಂದರೆ ಐದೂವರೆ ಪಟ್ಟು ಬೆಲೆ. ಈಗ ಹಡಗು ಇದೆ, ಗೋದಾಮು ಇದೆ, ಹಾಗಾಗಿ ಅಂಕಿ ಅಷ್ಟೇ ಇರುವುದಿಲ್ಲ. ಆದರೆ ಕೊರತೆಗಿಂತ ಬೆಲೆ ಜಾಸ್ತಿ ಓಡುತ್ತದೆ, ಕೊರತೆ ದೊಡ್ಡದಾದಷ್ಟೂ ಇನ್ನೂ ಜೋರಾಗಿ ಓಡುತ್ತದೆ ಅನ್ನೋದು ಇವತ್ತಿಗೂ ನಿಜ.

2010 ನೋಡಿ. ರಷ್ಯಾದಲ್ಲಿ ಭಯಂಕರ ಬಿಸಿಲು, ಬರ, ಕಾಡಿಗೆಲ್ಲ ಬೆಂಕಿ. ಹಿಂದಿನ ವರ್ಷ 9.7 ಕೋಟಿ ಟನ್ ಇದ್ದ ಧಾನ್ಯದ ಬೆಳೆ 6.1 ಕೋಟಿಗೆ ಇಳಿಯಿತು. ಇಡೀ ಜಗತ್ತಿನ ಗೋಧಿ ಲೆಕ್ಕ ಹಾಕಿದರೆ ಹಿಂದಿನ ವರ್ಷಕ್ಕಿಂತ ಸುಮಾರು ನೂರಕ್ಕೆ ಐದು ಕಮ್ಮಿ, ನೀವು ಹೇಳಿದ ಅದೇ ಐದು. ಆಗಸ್ಟ್ 15ರಿಂದ ರಷ್ಯಾ ರಫ್ತು ನಿಲ್ಲಿಸಿತು. ಜೂನ್‌ನಿಂದ ಆಗಸ್ಟ್ ಒಳಗೆ ಗೋಧಿಯ ಬೆಲೆ ಅರ್ಧಕ್ಕಿಂತ ಜಾಸ್ತಿ ಏರಿತ್ತು. ಸೆಪ್ಟೆಂಬರ್ 1ಕ್ಕೆ ಆಫ್ರಿಕಾದ ಮೊಜಾಂಬಿಕ್‌ನಲ್ಲಿ ಬ್ರೆಡ್ ಬೆಲೆ ಏರಿಸಿದ್ದಕ್ಕೆ ಜನ ಬೀದಿಗಿಳಿದರು, ಪೊಲೀಸರ ಗುಂಡಿಗೆ ಜನ ಸತ್ತರು, ಒಂದು ವಾರದಲ್ಲಿ ಸರ್ಕಾರ ಏರಿಕೆ ವಾಪಸ್ ತೆಗೆದುಕೊಂಡಿತು. ರಷ್ಯಾದ ಹೊಲದಲ್ಲಿ ಕಾಳು ಒಣಗಿದ್ದಕ್ಕೆ ಮೊಜಾಂಬಿಕ್ ರಾಜಧಾನಿ ಮಾಪುಟೋ ಬೀದಿಯಲ್ಲಿ ಹೆಣ ಬಿತ್ತು. ನಾನು ಈ ವಿಷಯ ಮೊದಲ ಸಲ ಓದಿದಾಗ ರಾತ್ರಿ ನಿದ್ದೆ ಬರಲಿಲ್ಲ.

ಇನ್ನೊಂದು ಮಾತು. ಜಗತ್ತಿನಲ್ಲಿ ಬೆಳೆಯುವುದೆಲ್ಲ ಮಾರಾಟಕ್ಕೆ ಬರುವುದಿಲ್ಲ. ಅಕ್ಕಿಯಲ್ಲಿ ದೇಶದಿಂದ ದೇಶಕ್ಕೆ ಹೋಗುವುದು ಸುಮಾರು ಹತ್ತರಲ್ಲಿ ಒಂದು ಪಾಲು. ಗೋಧಿಯಲ್ಲಿ ಸುಮಾರು ಕಾಲು ಪಾಲು. ಬೆಳೆಗೆ ಹೊಡೆತ ಬಿದ್ದ ದೇಶ ಮೊದಲು ತನ್ನ ಜನರಿಗೆ ಇಟ್ಟುಕೊಂಡು ಉಳಿದದ್ದನ್ನು ಮಾರುತ್ತದೆ, ಅದು ಸಹಜ. ಹಾಗಾಗಿ ಬೆಳೆಯಲ್ಲಿ ಆದ ಐದು ಪಾಲಿನ ನಷ್ಟ ಪೂರ್ತಿಯಾಗಿ ಆ ಸಣ್ಣ ವ್ಯಾಪಾರದ ತಲೆ ಮೇಲೆ ಬೀಳುತ್ತದೆ. ಬೆಳೆ ಐದು ಕಮ್ಮಿ, ಸಂತೆಗೆ ಬರುವ ಸರಕು ಇಪ್ಪತ್ತು ಮೂವತ್ತು ಕಮ್ಮಿ. ನಿಮ್ಮ ಲೆಕ್ಕ ತಪ್ಪಿದ್ದು ಇಲ್ಲಿ.

ನೇರನುಡಿ

ಕಡ್ಡಿ ಮುರಿದ ಹಾಗೆ ಹೇಳುತ್ತೇನೆ, ಬೇಜಾರಾಗಬೇಡಿ. ಎಲ್ಲಾ ಹವಾಮಾನದ ತಲೆಗೆ ಕಟ್ಟುವುದು ಸರಿಯಲ್ಲ.

2008ರಲ್ಲಿ ಅಕ್ಕಿಗೆ ಏನಾಗಿತ್ತು? ಬೆಳೆ ಚೆನ್ನಾಗೇ ಬಂದಿತ್ತು. ಆದರೂ ಜನವರಿಯಲ್ಲಿ ಟನ್ನಿಗೆ 400 ಡಾಲರ್ ಒಳಗಿದ್ದ ಥಾಯ್ಲೆಂಡ್ ಅಕ್ಕಿ ಏಪ್ರಿಲ್, ಮೇ ಹೊತ್ತಿಗೆ 1,000 ಡಾಲರ್ ಹತ್ತಿರ ಹೋಯಿತು. ಭಾರತ ರಫ್ತಿಗೆ ತಡೆ ಹಾಕಿತು, ವಿಯೆಟ್ನಾಂ ಹಾಕಿತು, ಅದನ್ನು ನೋಡಿ ಗಾಬರಿಯಾಗಿ ಫಿಲಿಪ್ಪೀನ್ಸ್ ಕೇಳಿದ ಬೆಲೆಗೆ ಕೊಳ್ಳಲು ಹೊರಟಿತು. ಕೊನೆಗೆ ಜಪಾನ್ ತನ್ನ ಗೋದಾಮಿನಲ್ಲಿದ್ದ ಆಮದು ಅಕ್ಕಿ ಬಿಡುತ್ತದಂತೆ ಅಂತ ಸುದ್ದಿ ಬಂದದ್ದೇ ತಡ, ಬೆಲೆ ಇಳಿಯಲು ಶುರುವಾಯಿತು. ಆ ಅಕ್ಕಿ ಹಡಗು ಹತ್ತುವ ಮೊದಲೇ! ಇದರಲ್ಲಿ ಮಳೆ ಎಲ್ಲಿದೆ, ಬಿಸಿಲು ಎಲ್ಲಿದೆ ಹೇಳಿ.

ಹಳೆಯದು ತೆಗೆದುಕೊಳ್ಳಿ. 1876ರಿಂದ 78ರವರೆಗೆ ಮದ್ರಾಸ್ ಪ್ರಾಂತ್ಯ, ಮೈಸೂರು, ದಖನ್ ಎಲ್ಲಾ ಕಡೆ ಬರ ಬಿತ್ತು, ಲಕ್ಷಾಂತರ ಜನ ಸತ್ತರು. ಮಳೆ ಹೋದದ್ದು ನಿಜ. ಆದರೆ ಅದೇ ಹೊತ್ತಲ್ಲಿ ಧಾನ್ಯ ರೈಲು ಹತ್ತಿ ಬಂದರಿಗೆ ಹೋಗಿ ಅಲ್ಲಿಂದ ಇಂಗ್ಲೆಂಡಿಗೆ ಹೋಗುತ್ತಲೇ ಇತ್ತು. ವ್ಯಾಪಾರಕ್ಕೆ ಕೈ ಹಾಕಬಾರದು ಅಂತ ಆಳುವವರು ಪಟ್ಟು ಹಿಡಿದಿದ್ದರು. 1943ರ ಬಂಗಾಳದ ಕ್ಷಾಮದ ಬಗ್ಗೆ ಅಮರ್ತ್ಯ ಸೇನ್ ತೋರಿಸಿಕೊಟ್ಟಿದ್ದೂ ಇದನ್ನೇ. ಸಿಗುತ್ತಿದ್ದ ಅಕ್ಕಿ ಬರ ಬೀಳದ 1941ಕ್ಕಿಂತ ಕಮ್ಮಿ ಇರಲಿಲ್ಲ, ಆದರೆ ಕೂಲಿಯವನ ಕೂಲಿಗೆ ಅದನ್ನು ಕೊಳ್ಳುವ ಶಕ್ತಿ ಇರಲಿಲ್ಲ.

ಹವಾಮಾನ ಕೆಟ್ಟಿತು ಅಂದರೆ ಯಾರೂ ಜವಾಬ್ದಾರರಲ್ಲ ಅಂತಾಗುತ್ತದೆ. ನನಗೆ ಅದು ಒಪ್ಪಿಗೆ ಇಲ್ಲ.

ತಕ್ಕಡಿ

ನೇರನುಡಿ ಅವರೇ, ನಿಮ್ಮ ಸಿಟ್ಟು ನನಗೂ ಇದೆ, ಇತಿಹಾಸದ ಮಾತಿಗೆ ಎದುರಾಡುವುದಿಲ್ಲ. ಆದರೆ 2008ರಲ್ಲಿ ಮಳೆ ಎಲ್ಲಿದೆ ಅಂದಿರಲ್ಲ, ಇದೆ, ಸ್ವಲ್ಪ ಹಿಂದೆ ಹೋಗಿ ನೋಡಬೇಕು. 2006ರಲ್ಲಿ ಆಸ್ಟ್ರೇಲಿಯಾದಲ್ಲಿ ಬರ. 2.5 ಕೋಟಿ ಟನ್ ಇದ್ದ ಗೋಧಿ 1.1 ಕೋಟಿಗೆ ಬಿತ್ತು. 2007ರಲ್ಲೂ ಚೇತರಿಸಿಕೊಳ್ಳಲಿಲ್ಲ. ಜಗತ್ತಿನ ಗೋಧಿ ದಾಸ್ತಾನು ತಳ ಕಂಡಿತು, ಗೋಧಿಯ ಬೆಲೆ ಏರಿತು. ಗೋಧಿ ತುಟ್ಟಿಯಾದ ದೇಶಗಳು ನಮ್ಮಲ್ಲಿರುವ ಅಕ್ಕಿಯಾದರೂ ಉಳಿಯಲಿ ಅಂತ ಬಾಗಿಲು ಹಾಕಿಕೊಂಡವು. ಎಣ್ಣೆ ಬೆಲೆ, ಮೆಕ್ಕೆಜೋಳದಿಂದ ಇಂಧನ ಮಾಡುವುದು, ಇವೂ ಸೇರಿಕೊಂಡವು. ಗಾಬರಿ ಮನುಷ್ಯರದ್ದೇ, ಒಪ್ಪಿದೆ. ಆದರೆ ಗೋದಾಮು ಖಾಲಿ ಮಾಡಿದ್ದರಲ್ಲಿ ಬಿಸಿಲಿನ ಪಾಲು ದೊಡ್ಡದು.

ಗೋದಾಮು ತುಂಬಿದ್ದರೆ ಕೆಟ್ಟ ವರ್ಷ ಬಂದರೂ ಬೆಲೆ ಅಷ್ಟು ಕದಲುವುದಿಲ್ಲ. ಖಾಲಿ ಇದ್ದರೆ ಬರೀ ಒಂದು ಮುನ್ಸೂಚನೆ ಸಾಕು. ಅದಕ್ಕೇ ಒಂದೇ ಥರದ ಬರ ಒಂದು ವರ್ಷ ಸುಮ್ನೆ ಹೋಗುತ್ತದೆ, ಇನ್ನೊಂದು ವರ್ಷ ಬೆಂಕಿ ಹಚ್ಚುತ್ತದೆ. ಒಟ್ಟು ದಾಸ್ತಾನಿನ ಅಂಕಿ ಮಾತ್ರ ನೋಡಿದರೂ ಮೋಸ ಹೋಗುತ್ತೇವೆ. ಜಗತ್ತಿನ ಗೋಧಿ ದಾಸ್ತಾನಿನಲ್ಲಿ ಸುಮಾರು ಅರ್ಧ ಚೀನಾದ ಗೋದಾಮಿನಲ್ಲಿದೆ, ಅದು ಹೊರಗೆ ಮಾರಾಟಕ್ಕೆ ಬರುವುದಿಲ್ಲ.

ನಿಮ್ಮ ವಾದಕ್ಕೆ ಬಲ ಕೊಡುವ ಉದಾಹರಣೆ ನಾನೇ ಕೊಡುತ್ತೇನೆ. 2023. ಎಲ್ ನಿನೋ (ಪೆಸಿಫಿಕ್ ಸಾಗರ ಬಿಸಿಯಾಗಿ ಮಳೆ ಏರುಪೇರಾಗುವುದು) ಬರುತ್ತಿದೆ ಅನ್ನುವ ಸುದ್ದಿ ಇತ್ತು. ಜುಲೈ 20ಕ್ಕೆ ಭಾರತ ಬಾಸ್ಮತಿ ಅಲ್ಲದ ಬಿಳಿ ಅಕ್ಕಿಯ ರಫ್ತು ನಿಲ್ಲಿಸಿತು. ಜಗತ್ತಿನ ಅಕ್ಕಿ ವ್ಯಾಪಾರದಲ್ಲಿ ಸುಮಾರು ನೂರಕ್ಕೆ 40 ಭಾರತದ್ದು, ಅಂಥವರು ಬಾಗಿಲು ಹಾಕಿದರೆ ಕೇಳಬೇಕಾ. ಮುಂದಿನ ತಿಂಗಳು 1901ರಿಂದ ಈಚೆಗೆ ಅತಿ ಕಮ್ಮಿ ಮಳೆಯ ಆಗಸ್ಟ್ ಆಯಿತು, ಭಯ ನಿಜ ಅನ್ನಿಸಿತು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಅಕ್ಕಿ ಬೆಲೆ ಸೂಚ್ಯಂಕ ಹದಿನೈದು ವರ್ಷದಲ್ಲೇ ಅತಿ ಮೇಲಕ್ಕೆ ಹೋಯಿತು. ಆದರೆ ವರ್ಷದ ಕೊನೆಗೆ ಲೆಕ್ಕ ನೋಡಿದರೆ ಭಾರತದ ಅಕ್ಕಿ ಉತ್ಪಾದನೆ ಹಿಂದಿನ ವರ್ಷಕ್ಕಿಂತ ಕಮ್ಮಿ ಆಗಿರಲೇ ಇಲ್ಲ. ನೀರಾವರಿ ಕೈ ಹಿಡಿದಿತ್ತು. ಏರಿದ ಬೆಲೆಯನ್ನು ಮಾತ್ರ ದೂರದ ದೇಶಗಳ ಬಡವರು ತಿಂಗಳುಗಟ್ಟಲೆ ಕೊಟ್ಟರು.

ಹಾಗಂತ ತಡೆ ಹಾಕಿದವರನ್ನು ಬೈಯಲೂ ನನಗೆ ಮನಸ್ಸಿಲ್ಲ. ಜುಲೈನಲ್ಲಿ ಕೂತವರಿಗೆ ಅಕ್ಟೋಬರ್ ಕಾಣುವುದಿಲ್ಲ. ತಮ್ಮ ಜನ ಹಸಿದರೆ ಅನ್ನುವ ಭಯ ಸುಳ್ಳಲ್ಲ.

ದೋಣಿದಾರಿ

ಎಲ್ಲರೂ ಹೊಲ, ಗೋದಾಮು ಹೇಳಿದಿರಿ. ನಡುವಿನ ದಾರಿ ಬಿಟ್ಟಿರಿ. ನಾನು ಹಡಗು ಸಾಗಣೆಯ ಕೆಲಸದಲ್ಲಿದ್ದೇನೆ, ಹವಾಮಾನ ದಾರಿಯನ್ನೂ ಕೆಡಿಸುತ್ತದೆ.

ಅಮೆರಿಕದ ಧಾನ್ಯ ರಫ್ತಿನ ದೊಡ್ಡ ಪಾಲು ಮಿಸಿಸಿಪ್ಪಿ ನದಿಯಲ್ಲಿ ದೋಣಿಗಳ ಮೇಲೆ ಸಮುದ್ರಕ್ಕೆ ಬರುತ್ತದೆ. 2022ರ ಅಕ್ಟೋಬರ್‌ನಲ್ಲಿ, ಸರಿಯಾಗಿ ಕಟಾವಿನ ಹೊತ್ತಿಗೆ, ನದಿ ಬತ್ತಿತು. ದೋಣಿ ತಳ ತಾಗುತ್ತದೆ ಅಂತ ಅರ್ಧಂಬರ್ಧ ತುಂಬಿಸಿ ಕಳಿಸಬೇಕಾಯಿತು, ಬಾಡಿಗೆ ಹಿಂದೆಂದೂ ಇಲ್ಲದಷ್ಟು ಏರಿತು. ಬೆಳೆ ಇದೆ, ಕೊಳ್ಳುವವರಿದ್ದಾರೆ, ನಡುವೆ ನೀರಿಲ್ಲ. 2023ರಲ್ಲಿ ಪನಾಮಾ ಕಾಲುವೆಗೂ ಇದೇ ಗತಿ. ಆ ಕಾಲುವೆಯ ಗೇಟುಗಳು ನಡೆಯುವುದು ಕೆರೆಯ ಸಿಹಿನೀರಿನಿಂದ. ಮಳೆ ಬಾರದೆ ಕೆರೆ ಇಳಿದು, ದಿನಕ್ಕೆ ಸುಮಾರು 36 ಹಡಗು ದಾಟುತ್ತಿದ್ದದ್ದು 22-24ಕ್ಕೆ ಬಂತು. ಧಾನ್ಯದ ಹಡಗುಗಳು ಕಾಯುವುದಕ್ಕಿಂತ ಸುತ್ತಿಕೊಂಡು ಹೋದವು. ಆ ಖರ್ಚು ಚೀಲದ ಬೆಲೆಗೇ ಸೇರುತ್ತದೆ.

ಸಮುದ್ರವೇ ಇಲ್ಲದ ದೇಶದ ಪಾಡು ಇನ್ನೂ ಕಷ್ಟ. 2024ರಲ್ಲಿ ಆಫ್ರಿಕಾದ ಜಾಂಬಿಯಾ ನೋಡಿ. ಅಲ್ಲಿ ದಿನನಿತ್ಯದ ಊಟ ಬಿಳಿ ಮೆಕ್ಕೆಜೋಳದ ಹಿಟ್ಟಿನದ್ದು. ಎಲ್ ನಿನೋ ವರ್ಷ, ಫೆಬ್ರವರಿಯಲ್ಲಿ ಮಳೆ ಕೈಕೊಟ್ಟಿತು. ಫೆಬ್ರವರಿ 29ಕ್ಕೆ ಸರ್ಕಾರ ಬರವನ್ನು ರಾಷ್ಟ್ರೀಯ ವಿಪತ್ತು ಅಂತ ಘೋಷಿಸಿತು. ಹಿಂದಿನ ವರ್ಷ 32 ಲಕ್ಷ ಟನ್ ದಾಟಿದ್ದ ಬೆಳೆ 15 ಲಕ್ಷ ಟನ್ನಿಗೆ ಬಿತ್ತು. ಪಕ್ಕದ ಮಲಾವಿ, ಜಿಂಬಾಬ್ವೆಯಲ್ಲೂ ಅದೇ ಬರ, ಹಾಗಾಗಿ ಆ ನೆರೆಮನೆಗಳಿಂದ ಕಡ ತರುವ ದಾರಿಯೂ ಇಲ್ಲ. ಜಗತ್ತಿನ ಪೇಟೆಯಲ್ಲಿ ಸಿಗುವ ಮೆಕ್ಕೆಜೋಳ ಬಹುಪಾಲು ಹಳದಿ, ದನಕ್ಕೆ ಹಾಕುವಂಥದ್ದು, ಬಿಳಿ ಮಾರುವ ದೇಶಗಳೇ ಬೆರಳೆಣಿಕೆ. ತಂದರೂ ಬಂದರಿನಿಂದ ಸಾವಿರಾರು ಕಿಲೋಮೀಟರ್ ಲಾರಿಯಲ್ಲಿ ಬರಬೇಕು. ಇದೆಲ್ಲದರ ಮೇಲೆ, ಅವರ ಕರೆಂಟು ಬಹುಪಾಲು ಅಣೆಕಟ್ಟೆಯದ್ದು. ಕರಿಬಾ ಜಲಾಶಯ ಬತ್ತಿ ದಿನದ ಬಹುಹೊತ್ತು ಕರೆಂಟಿಲ್ಲ. ಹಿಟ್ಟಿನ ಗಿರಣಿ ಓಡಬೇಕಲ್ಲ? ಒಂದೇ ಮಳೆ ಹೋಗಿದ್ದಕ್ಕೆ ಹೊಲ, ಗಿರಣಿ ಎರಡೂ ನಿಂತವು.

ಅದೇ ವರ್ಷ ಜಗತ್ತಿನ ಪೇಟೆಯಲ್ಲಿ ಮೆಕ್ಕೆಜೋಳ ಅಗ್ಗವಾಗಿತ್ತು. ಅಲ್ಲಿನವರಿಗೆ ಅದರಿಂದ ಬಂದ ಸಮಾಧಾನ ಏನೂ ಇಲ್ಲ.

ಅಡುಗೆಮನೆ ಲೆಕ್ಕ

ಎಲ್ಲರಿಗೂ ಕೈ ಮುಗಿಯುತ್ತೇನೆ. ಎರಡು ಸಲ ಓದಿದೆ. ಹದಮಳೆ ಅಣ್ಣ, ನೀವು ಗದ್ದೆಯಲ್ಲಿ ಕೂತುಬಿಟ್ಟೆ ಅಂದದ್ದು ಓದಿ ಮನಸ್ಸು ತಡೆಯಲಿಲ್ಲ. ನನ್ನ ಕಡೆಯಿಂದ ಬೆಲೆ ಏರಿತು ಅಂತ ಗೊಣಗುವಾಗ ಆ ಬೆಲೆ ನಿಮ್ಮ ಕೈಗೂ ಬಂದಿರುವುದಿಲ್ಲ ಅಂತ ಯೋಚಿಸಿರಲಿಲ್ಲ.

ಇನ್ನೆರಡು ಕೇಳುತ್ತೇನೆ. ಏರಿದ ಬೆಲೆ ಮುಂದಿನ ವರ್ಷ ಬೆಳೆ ಚೆನ್ನಾಗಿ ಬಂದರೂ ಅಷ್ಟೇ ಬೇಗ ಇಳಿಯುವುದಿಲ್ಲವಲ್ಲ, ಯಾಕೆ? ಮತ್ತೆ, ನನ್ನಂಥವಳು ಏನನ್ನು ನೋಡುತ್ತಿರಬೇಕು?

ತಕ್ಕಡಿ

ಇಳಿಯದೇ ಇರುವುದಕ್ಕೆ ಕಾರಣ ಹಲವು. ಅಂಗಡಿಯವನು ತುಟ್ಟಿಗೆ ಕೊಂಡ ಸರಕು ಮುಗಿಯುವ ತನಕ ಅದೇ ಬೆಲೆಗೆ ಮಾರುತ್ತಾನೆ. ಅಷ್ಟರಲ್ಲಿ ಸಾಗಣೆ, ಕೂಲಿ ಏರಿರುತ್ತದೆ, ಅದು ಇಳಿಯುವುದಿಲ್ಲ. ಖಾಲಿಯಾದ ಗೋದಾಮು ತುಂಬಿಸಲು ಸರ್ಕಾರವೂ ಅದೇ ಹೊಸ ಬೆಳೆಯನ್ನೇ ಕೊಳ್ಳುತ್ತದೆ. ಬೆಲೆ ಏರುವುದು ಲಿಫ್ಟ್‌ನಲ್ಲಿ, ಇಳಿಯುವುದು ಮೆಟ್ಟಿಲಲ್ಲಿ.

ಜಪಾನ್ ಮತ್ತೆ ಉದಾಹರಣೆ. 1993ರ ಚಳಿಯ ಏಟು ತಿಂದ ಮೇಲೆ 1995ರಲ್ಲಿ ಅಕ್ಕಿ ತೆಗೆದಿಡುವ ವ್ಯವಸ್ಥೆ ಮಾಡಿಕೊಂಡರು. ಮೂವತ್ತು ವರ್ಷ ಆದಮೇಲೆ, 2023ರಲ್ಲಿ, ಈ ಸಲ ಬಿಸಿಲು. ಕಾಳು ಬಂತು, ಆದರೆ ಒಳಗೆ ಸುಣ್ಣದ ಹಾಗೆ ಬೆಳ್ಳಗಾಗಿ, ಗಿರಣಿಯಲ್ಲಿ ನುಚ್ಚಾಗುವಂಥದ್ದು. 2024ರ ಬೇಸಿಗೆಯಲ್ಲಿ ಅಂಗಡಿಯ ಕಪಾಟು ಖಾಲಿ. ಹೊಸ ಬೆಳೆ ಬಂದರೂ ಬೆಲೆ ಇಳಿಯಲಿಲ್ಲ, ಏರುತ್ತಲೇ ಹೋಗಿ 2025ರಲ್ಲಿ ಐದು ಕೆಜಿಗೆ 4,000 ಯೆನ್ ದಾಟಿತು, ಹಿಂದಿನ ವರ್ಷದ ಎರಡು ಪಟ್ಟು. ತೆಗೆದಿಟ್ಟಿದ್ದ ಅಕ್ಕಿಯನ್ನು ಆ ವರ್ಷ ಮಾರ್ಚ್‌ನಿಂದ ಹೊರಗೆ ಬಿಟ್ಟರು. ಅಷ್ಟು ಶ್ರೀಮಂತ, ಅಷ್ಟು ಜಾಗ್ರತೆಯ ದೇಶವೂ ತಡ ಮಾಡಿತು ಅನ್ನಿಸುತ್ತದೆ ನನಗೆ. ದಾಸ್ತಾನು ಇದ್ದರೆ ಸಾಲದು, ಜನ ಗಾಬರಿಯಾಗಿ ಕೂಡಿಡುವ ಮೊದಲೇ ಬಿಡಬೇಕು.

ನೀವು ನೋಡಬೇಕಾದ್ದು ಮೂರೇ. ನೀವು ಕೊಳ್ಳುವ ಧಾನ್ಯ ಎಲ್ಲಿ ಬೆಳೆಯುತ್ತದೋ ಅಲ್ಲಿ ಹೂವಾಡುವ ಮತ್ತು ಕಾಳು ತುಂಬುವ ವಾರಗಳ ಹವಾಮಾನ. ಗೋದಾಮಿನಲ್ಲಿ ಎಷ್ಟಿದೆ ಅನ್ನುವ ಅಂಕಿ. ರಫ್ತಿನ ಸುದ್ದಿ. 2007-08, 2010ರ ಗಾಬರಿ ಕಂಡ ಮೇಲೆ ಜಿ-20 ದೇಶಗಳು 2011ರಲ್ಲಿ ಎಎಂಐಎಸ್ (AMIS, ಕೃಷಿ ಮಾರುಕಟ್ಟೆಯ ಮಾಹಿತಿ) ಅಂತ ಒಂದು ವ್ಯವಸ್ಥೆ ಮಾಡಿವೆ. ವರ್ಷಕ್ಕೆ ಹತ್ತು ಸಲ ಗೋಧಿ, ಅಕ್ಕಿ, ಮೆಕ್ಕೆಜೋಳ, ಸೋಯಾ ಬೆಳೆ ಯಾವ ದೇಶದಲ್ಲಿ ಹೇಗಿದೆ ಅಂತ ನಕ್ಷೆ ಸಮೇತ ಹಾಕುತ್ತಾರೆ, ದುಡ್ಡೇನೂ ಕೊಡಬೇಕಿಲ್ಲ. ನಕ್ಷೆಯ ಬಣ್ಣ ನೋಡಿದರೂ ಸಾಕು.

ಒಂದು ಕೋರಿಕೆ. ಸುದ್ದಿ ಬಂದ ದಿನವೇ ಓಡಿಹೋಗಿ ಆರು ತಿಂಗಳಿನದ್ದು ಕೊಳ್ಳಬೇಡಿ. ಆ ದಿನದ ಬೆಲೆ ಭಯದ ಬೆಲೆ. ಕಟಾವು ಮುಗಿದು ಸರಕು ಬರುವ ಹೊತ್ತಲ್ಲಿ ಕಂತಿನಲ್ಲಿ ಕೊಳ್ಳಿ.

ಹದಮಳೆ

ಕೊಂಡು ಇಡುವುದಾದರೆ ಒಣಗಿದ್ದೇ ಕೊಳ್ಳಿ ಅಕ್ಕಾ. ಕಟಾವಿನಲ್ಲಿ ಮಳೆ ಹಿಡಿದ ವರ್ಷದ ಧಾನ್ಯ ಅಗ್ಗಕ್ಕೆ ಸಿಗುತ್ತದೆ, ಆಸೆಗೆ ಬೀಳಬೇಡಿ. ತೇವ ನೂರಕ್ಕೆ 12-13ರ ಒಳಗಿರಬೇಕು. ಮೀಟರ್ ಇಲ್ಲದಿದ್ದರೆ ನಾಲ್ಕು ಕಾಳು ಹಲ್ಲಿಗೆ ಹಾಕಿ ಕಡಿಯಿರಿ. ಕಟಕ್ ಅಂತ ಸದ್ದು ಬಂದು ಎರಡು ಹೋಳಾದರೆ ತೆಗೆದುಕೊಳ್ಳಿ. ಮೆತ್ತಗೆ ಚಪ್ಪಟೆಯಾದರೆ ವಾಪಸ್ ಕಳಿಸಿ, ಎರಡು ತಿಂಗಳಲ್ಲಿ ಬೂಷ್ಟು ಹಿಡಿಯುತ್ತದೆ. ಚೀಲದ ಬಾಯಿಯಿಂದ ಮಾತ್ರ ತೆಗೆದು ನೋಡಬೇಡಿ, ನಡುವಿಗೆ ಕೈ ಹಾಕಿ. ಒಳಗೆ ಬೆಚ್ಚಗಿದ್ದರೆ ಆಗಲೇ ಕೆಡಲು ಶುರುವಾಗಿದೆ ಅಂತ ಅರ್ಥ.

ಅಡುಗೆಮನೆ ಲೆಕ್ಕ

ಇವತ್ತೇ ಉಗ್ರಾಣಕ್ಕೆ ಹೋಗಿ ಹನ್ನೊಂದು ಚೀಲದ ನಡುವಿಗೂ ಕೈ ಹಾಕಿ ನೋಡಿದೆ ಅಣ್ಣ. ಒಂದು ಬೆಚ್ಚಗಿತ್ತು. ಅದನ್ನು ಬಿಸಿಲಿಗೆ ಹರಡಿದ್ದೇನೆ, ಸಂಜೆ ಕಡಿದು ನೋಡಿ ಹೇಳುತ್ತೇನೆ. ಉಳಿದ ಖರೀದಿ ಮೂರು ಕಂತಿಗೆ ಹಂಚಿ ಬರೆದಿಟ್ಟೆ, ಮೊದಲನೆಯದು ಕಟಾವು ಮುಗಿದ ಮೇಲೆ.